ಟಕ್ವೆಲ್ಲರ ಮೂಲಪುರುಷ

ನೆದರ್ ಪಾಡ್ಬರಿಯ ತರಕಾರಿ ಪ್ರದರ್ಶನದಲ್ಲಿ ಕುಂಬಳ ಇಡುವ ಹಕ್ಕು ಊರಿನ ಹಳೇ ಮನೆತನಗಳಿಗಷ್ಟೇ. ಹೋರೇಸ್ ಟಕ್ವೆಲ್ ಆ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಹಿತ್ತಲಲ್ಲಿ ಅವನ ಕುಂಬಳ ಹೊಟ್ಟೆ ತುಂಬ ಹಾಲು ಕುಡಿದ ಕರುವಿನಂತೆ ಮೈ ಚಾಚಿ ಮಲಗಿತ್ತು.

"ಹೊರಗಿನವ್ರ ಕುಂಬಳ ಸೂಪಿಗೆ ತಗೋತೀವಿ, ಸ್ಪರ್ಧೆಗಲ್ಲ," ಎಂದರು ಪ್ರದರ್ಶನದ ಯಜಮಾನಿ ಮಿಸೆಸ್ ಗಜನ್.

"ನಾನು ಹೊರಗಿನವನಲ್ಲ ಕಣ್ರೀ. ನಮ್ಮ ಮುತ್ತಜ್ಜನ ತಾತ ಈ ಊರಿನ ಮಣ್ಣಲ್ಲೇ ಮಲಗಿದಾನೆ."

"ಎಲ್ಲಿ ಅಂತ ತೋರಿಸಿ. ಸಂಜೆ ಟೀ ಹೊತ್ತಿಗೆ ಹೆಸರು ತಗೊಳ್ಳೋದು ನಿಲ್ಲಿಸ್ತೀನಿ."

ಹೋರೇಸ್ ಹೆಂಡತಿಯ ಮೈದಾ ಡಬ್ಬಿ ಎತ್ತಿಕೊಂಡು ಚರ್ಚಿನ ಸ್ಮಶಾನಕ್ಕೆ ಓಡಿದ. ಸವೆದ ಗೋರಿಕಲ್ಲಿಗೆ ಹಿಟ್ಟು ತಿಕ್ಕಿದರೆ ಅಕ್ಷರಗಳು ಎದ್ದು ಕಾಣುತ್ತವೆ. ಆದರೆ ಹುಲ್ಲು ಮೇಯಲು ಬಿಟ್ಟಿದ್ದ ಪಾದ್ರಿಗಳ ಕುರಿಗಳು ಬೆನ್ನಿಗೇ ಬಂದು, ಅವನು ಓದುವ ಮೊದಲೇ ಕಲ್ಲು ನೆಕ್ಕಿ ಮುಗಿಸುತ್ತಿದ್ದವು.

ಚರ್ಚಿನ ಗಂಟೆ ಬಾರಿಸುವ ಸೆಡ್ರಿಕ್ ಗೋಡೆಯಾಚೆಯಿಂದ ಇಣುಕಿದ. "ಏನ್ ಟಕ್ವೆಲ್, ನಮ್ಮಜ್ಜಿ ಗೋರೀನ ಕರಿಯೋ ಮೀನಿನ ಥರ ಹಿಟ್ಟಲ್ಲಿ ಹೊರಳಿಸ್ತಿದೀಯ?"

ಉತ್ತರ ಕೊಡುವಷ್ಟರಲ್ಲಿ ಟಗರೊಂದು ಹಿಂದಿನಿಂದ ಗುದ್ದಿತು. ಹೋರೇಸ್ ಡಬ್ಬಿಯ ಸಮೇತ ಮುಳ್ಳುಪೊದೆಗೆ ಹಾರಿ ಬಿದ್ದ. ಉಳಿದ ಹಿಟ್ಟೆಲ್ಲ ಪೊದೆಯೊಳಗಿನ ಕಲ್ಲೊಂದರ ಮೇಲೆ ಸುರಿಯಿತು. ಹಿಟ್ಟಿನ ನಡುವೆ ಅಚ್ಚುಕಟ್ಟಾಗಿ ಎದ್ದು ಬಂತು ಹೆಸರು: ಜೇಬೆಜ್ ಟಕ್ವೆಲ್.

ಸೆಡ್ರಿಕ್ ಕೂಗಿದ ಕೂಗಿಗೆ ಅರ್ಧ ಊರೇ ಸೇರಿತು. ಮಿಸೆಸ್ ಗಜನ್ ಕನ್ನಡಕ ಏರಿಸಿ ನೋಡಿ, "ಹಾಗಾದ್ರೆ ನೀವು ನಮ್ಮವ್ರೇ" ಎಂದು ಅವನ ಕೈ ಕುಲುಕಿದರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

"ಕೆಳಗೆ ಇನ್ನೂ ಏನೋ ಕೆತ್ತಿದಾರೆ, ಮಣ್ಣಲ್ಲಿ ಹೂತಿದೆ," ಎಂದ ಸೆಡ್ರಿಕ್.

"ಧಾರಾಳವಾಗಿ ಅಗೀರಿ," ಎಂದ ಹೋರೇಸ್ ಎದೆಯುಬ್ಬಿಸಿ. "ಮನೆತನದ ಬಿರುದಿರ್ಬೇಕು."

ಸೆಡ್ರಿಕ್ ಗುದ್ದಲಿ ತಂದು ಅಗೆದ. ಮಿಸೆಸ್ ಗಜನ್ ಗಟ್ಟಿಯಾಗಿ ಓದಿದರು: "ಅರವತ್ತು ವರ್ಷ ಈ ಊರಲ್ಲಿ ಬಾಳಿದ ಪರಸ್ಥಳದವನು. ಊರವರು ದಯೆಯಿಂದ ಮಣ್ಣು ಕೊಟ್ಟರು."

ಸೆಡ್ರಿಕ್ ಗುದ್ದಲಿ ಹೆಗಲಿಗೇರಿಸಿ, ಗಂಟೆಗೆ ಹೊತ್ತಾಯಿತೆಂದು ಹೊರಟ.

ಮಿಸೆಸ್ ಗಜನ್ ಹೋರೇಸನ ಹಿಟ್ಟು ಮೆತ್ತಿದ ಹೆಗಲು ತಟ್ಟಿದರು. "ಬೇಜಾರ್ ಮಾಡ್ಕೋಬೇಡಿ. ಅರವತ್ತು ವರ್ಷ ಇದ್ದವ್ರಿಗೇ ಹೀಗೆ, ನೀವಿನ್ನೂ ಮೊನ್ನೆ ಬಂದವ್ರು. ಬೇಗ ಕುಂಬಳ ತನ್ನಿ, ಸೂಪಿನ ನೀರು ಕುದೀತಿದೆ."