ಗುಂಡಿಯ ಕಾವಲು

ಕಟ್ಟಿನಂಗಡಿಯ ಮುಂದಿನ ಗುಂಡಿ ಹುಟ್ಟಿದಾಗ ಅಂಗೈಯಷ್ಟಗಲ ಇತ್ತು. ನಾಲ್ಕು ಮಳೆಗಾಲ ಚೆನ್ನಾಗಿ ಉಂಡುತಿಂದು ಬೆಳೆದು, ಈಗ ಒಂದು ಕರು ಕಾಲು ಮಡಚಿ ಮಲಗುವಷ್ಟಾಗಿತ್ತು; ಒಮ್ಮೆ ಮಲಗಿಯೂ ಇತ್ತು. ಅಂಗಡಿಯವನು ಪುರಸಭೆಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದ. ಹೋದಾಗಲೆಲ್ಲ 'ನಿಮ್ಮ ಗುಂಡಿ ನಮ್ಮ ಗಮನದಲ್ಲಿದೆ' ಅನ್ನುತ್ತಿದ್ದರು. ಗುಂಡಿ ಅವರ ಗಮನದಲ್ಲೂ ಇತ್ತು, ರಸ್ತೆಯಲ್ಲೂ ಇತ್ತು.

ಫೋಟೋಗಳಿಗೆ ಕಟ್ಟು ಹಾಕುವುದು, ಕನ್ನಡಿ ಕೂರಿಸುವುದು ಅವನ ಕಸುಬು. ಸೊಟ್ಟಗಿರುವುದು ಯಾವುದನ್ನು ಕಂಡರೂ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೇಲಿನ ಫೋಟೋ ನೆಟ್ಟಗೆ ಮಾಡಿ, ಆಮೇಲೆ 'ಚೆನ್ನಾಗಿದ್ದೀರಾ' ಅನ್ನುತ್ತಿದ್ದ. ಅದಕ್ಕೇ ಬೀದಿಯವರು ಅವನಿಗೆ ರಸಮಟ್ಟ ಎಂದು ಹೆಸರಿಟ್ಟಿದ್ದರು. ಗಾರೆ ಕೆಲಸದವರು ಗೋಡೆಯ ಸಮ ನೋಡುವ, ಗಾಜಿನೊಳಗೆ ಗುಳ್ಳೆಯಿರುವ ಪಟ್ಟಿಯ ಹೆಸರು ಅದು. ಇಂಥವನ ಬಾಗಿಲಲ್ಲೇ ಆ ಗುಂಡಿ. ಒಂದು ಬಸ್ಸು ಇಳಿದು ಹತ್ತಿದರೆ ಸಾಕು, ಗೋಡೆ ನಡುಗಿ ಅಂಗಡಿಯೊಳಗಿನ ಅಜ್ಜಂದಿರು, ಮದುಮಕ್ಕಳು, ಪದವಿ ಟೋಪಿಯವರು ಎಲ್ಲರೂ ಒಂದೇ ಕಡೆಗೆ ವಾಲುತ್ತಿದ್ದರು. ಅವನು ಎಲ್ಲರನ್ನೂ ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಬಸ್ಸು ಬರುತ್ತಿತ್ತು.

ಅಷ್ಟನ್ನಾದರೂ ಹಲ್ಲು ಕಚ್ಚಿ ಸಹಿಸಿಕೊಂಡಿದ್ದ. ಆದರೆ ಹೊಸದಾಗಿ ತೆರೆಯುತ್ತಿದ್ದ ನೃತ್ಯಶಾಲೆಯವರು ಗೋಡೆ ತುಂಬ ಕನ್ನಡಿ ಹಾಕಿಕೊಡಲು ಅವನಿಗೇ ಹೇಳಿದ್ದರು. ಅಷ್ಟು ದೊಡ್ಡ ಕೆಲಸ ಅವನ ಜೀವಮಾನದಲ್ಲಿ ಬಂದಿರಲಿಲ್ಲ. ಕನ್ನಡಿ ಹೊತ್ತ ಲಾರಿ ಎರಡು ಸಲ ಬಂತು, ಎರಡು ಸಲವೂ ಬಾಗಿಲ ಮುಂದೆಯೇ ಗುಂಡಿಗಿಳಿಯಿತು, ಕನ್ನಡಿ ಪುಡಿಯಾಯಿತು. ಲಾರಿ ಡ್ರೈವರ್ ಕೊನೆಯ ಮಾತು ಹೇಳಿ ಹೋಗಿದ್ದ.

"ಶನಿವಾರ ಸಂಜೆ ಬರ್ತೀನಿ. ಗುಂಡಿ ಮುಚ್ಚಿದ್ರೆ ಬಾಗಿಲಿಗೆ ತಂದು ಇಳಿಸ್ತೀನಿ. ಇಲ್ದಿದ್ರೆ ದೊಡ್ಡ ರಸ್ತೇಲೇ ಇಳಿಸಿ ಹೋಗ್ತೀನಿ. ನೀವು ತಲೆ ಮೇಲೆ ಹೊತ್ಕೊಂಡು ಬನ್ನಿ."

ಆ ಶನಿವಾರ ಬೆಳಿಗ್ಗೆಯೇ ಪುರಸಭೆಯ ಗಾಡಿ ಮೈಕು ಕಟ್ಟಿಕೊಂಡು ಬೀದಿಗೆ ಬಂತು. "ಮಳೆಗಾಲಕ್ಕೆ ಮುಂಚಿನ ಸೇವಾ ದಿನ. ಇಂದು ಸಂಜೆಯವರೆಗೆ ವಾಹನಗಳಿಗೆ ಪ್ರವೇಶವಿಲ್ಲ. ನಾಗರಿಕರು ತಮ್ಮ ಬೀದಿಯ ಗುಂಡಿಗಳ ಸುತ್ತ ಸುಣ್ಣದಿಂದ ಬಿಳಿ ವೃತ್ತ ಹಾಕಿಡಬೇಕು. ವೃತ್ತವಿರುವ ಗುಂಡಿಯನ್ನು ಮಾತ್ರ ಡಾಂಬರಿನವರು ಮುಚ್ಚುತ್ತಾರೆ." ಗಾಡಿ ಇನ್ನೂ ಏನೇನೋ ಹೇಳುತ್ತಿತ್ತು. ರಸಮಟ್ಟ ಕೇಳಲು ನಿಲ್ಲಲಿಲ್ಲ, ಅಷ್ಟರಲ್ಲಾಗಲೇ ಅಂಗಡಿಯ ಹಿಂದಿನ ತನ್ನ ಮನೆಯ ಹಿತ್ತಲಿನಲ್ಲಿ ಸುಣ್ಣದ ಡಬ್ಬಿ ಹುಡುಕುತ್ತಿದ್ದ.

ನಡುವೆ ಮೊಳೆ ನೆಟ್ಟು, ದಾರ ಕಟ್ಟಿ, ಒಂದು ಕೂದಲೆಳೆಯೂ ಆಚೀಚೆ ಆಗದ ವೃತ್ತ ಎಳೆದ. ಎಳೆದು ಎದ್ದು ನಿಂತು ಅದನ್ನು ಮದುಮಗಳನ್ನು ನೋಡುವ ಹಾಗೆ ನೋಡಿದ. ಆಮೇಲೆ ಒಳಗಿನಿಂದ ಸ್ಟೂಲು ತಂದು ಪಕ್ಕದಲ್ಲೇ ಹಾಕಿಕೊಂಡು ಕೂತ. ಡಾಂಬರು ಬೀಳುವವರೆಗೆ ಏಳುವುದಿಲ್ಲ ಎಂದು ತೀರ್ಮಾನಿಸಿಬಿಟ್ಟ.

ಕಾವಲಿಗೆ ಕಾರಣವಿತ್ತು. ಎದುರಿನ ಚಹಾದಂಗಡಿಯವನಿಗೂ ಪಕ್ಕದ ಪಂಕ್ಚರ್ ಅಂಗಡಿಯವನಿಗೂ ಆ ಗುಂಡಿ ಹೆತ್ತ ಮಗುವಿಗಿಂತ ಹೆಚ್ಚು. ಗುಂಡಿ ಕಂಡು ವಾಹನ ನಿಧಾನ ಮಾಡಿದವರು ಚಹಾ ಕುಡಿಯುತ್ತಿದ್ದರು; ಕಾಣದೆ ಬಿದ್ದವರು ಪಂಕ್ಚರ್ ಹಾಕಿಸುತ್ತಿದ್ದರು, ಅದು ಮುಗಿಯುವವರೆಗೆ ಅವರೂ ಚಹಾ ಕುಡಿಯುತ್ತಿದ್ದರು.

ಮೊದಲು ಬಂದವನು ಪಂಕ್ಚರ್. ಎರಡು ಬಕೆಟ್ ನೀರು ತಂದು ಗುಂಡಿಯ ಸುತ್ತ ಸುರಿದು ಪೊರಕೆ ಆಡಿಸತೊಡಗಿದ. ರಸಮಟ್ಟ ಸ್ಟೂಲಿನಿಂದ ಹಾರಿ ಬೀಳುವಷ್ಟರಲ್ಲಿ ಅರ್ಧ ವೃತ್ತ ಚರಂಡಿ ಸೇರಿತ್ತು.

"ಏನಯ್ಯಾ ಮಾಡ್ತಿದೀಯ?"

"ಸೇವೆ. ರಸ್ತೆ ತೊಳೀತಿದೀನಿ."

"ಹುಟ್ಟಿದಾಗಿಂದ ನಿನ್ನ ಅಂಗಡಿ ಮೆಟ್ಟಿಲು ತೊಳೆದವನಲ್ಲ ನೀನು."

"ಅದಕ್ಕೇ ಇವತ್ತು ಶುರು ಮಾಡಿದೀನಿ. ಒಳ್ಳೇ ಬುದ್ಧಿ ಬಂದಾಗ ಅಡ್ಡ ಬರಬೇಡ."

ರಸಮಟ್ಟ ಒದ್ದೆ ಆರುವವರೆಗೆ ಹಳೇ ಪೇಪರು ಬೀಸಿದ, ಮತ್ತೆ ಮೊಳೆ ನೆಟ್ಟ, ಮತ್ತೆ ದಾರ ಕಟ್ಟಿದ, ಮತ್ತೆ ವೃತ್ತ ಎಳೆದ. ಸ್ವಲ್ಪ ಹೊತ್ತಿಗೆ ಚಹಾದಂಗಡಿಯವನು ತನ್ನ ಉದ್ದದ ಬೆಂಚನ್ನು ಎಳೆದು ತಂದು ಸರಿಯಾಗಿ ಗುಂಡಿಯ ಮೇಲೆ ಹಾಕಿ, ಮೇಲೊಂದು ಚಾಪೆ ಹೊದಿಸಿದ.

"ಪಾಪ, ಯಾರಾದ್ರೂ ಬಿದ್ಗಿದ್ದಾರು ಅಂತ," ಅಂದ, ಕರುಣೆಯಿಂದ.

"ನಾಲ್ಕು ವರ್ಷ ಜನ ಬಿದ್ದಾಗ ಎಲ್ಲಿತ್ತು ಈ ಪಾಪ?"

"ಬಿದ್ದೋರಿಗೆ ಸಕ್ಕರೆ ಒಂದು ಚಮಚ ಜಾಸ್ತಿ ಹಾಕ್ತಿದ್ದೆ. ಅದನ್ನ ನೀನು ನೋಡಿಲ್ಲ."

ಬೆಂಚು ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಎಳೆದಾಡಿಸಿಕೊಂಡು ಕೊನೆಗೆ ಒಂದು ಕಾಲು ಕಳೆದುಕೊಂಡು ಚಹಾದಂಗಡಿಗೆ ಮರಳಿತು. ರಸಮಟ್ಟ ಬೆವರು ಒರೆಸಿಕೊಂಡು ಸ್ಟೂಲಿನಲ್ಲಿ ಕೂತ. ಸುಣ್ಣ ಕೈಗೆಲ್ಲ ಮೆತ್ತಿ ಉರಿಯುತ್ತಿತ್ತು. ಕೈ ತೊಳೆದು ಬರೋಣವೆಂದು ನಲ್ಲಿಯವರೆಗೆ ಹೋದ, ಅಲ್ಲಿ ಕೊಡಗಳ ಸಾಲು ಕರಗುವವರೆಗೆ ನಿಂತ, ಅಷ್ಟೇ. ತಿರುಗಿ ಬಂದಾಗ ಗುಂಡಿಯೇ ಇರಲಿಲ್ಲ.

ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಎರಡು ದಿನಕ್ಕೆಂದು ಬಂದು ಮೂರನೇ ವಾರದಲ್ಲಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಹಿತ್ತಲಿನ ಇಟ್ಟಿಗೆ ಚೂರು, ಮುರಿದ ಕಟ್ಟು, ಮಣ್ಣು ಎಲ್ಲ ತುಂಬಿ ಗುಂಡಿಯನ್ನು ಕಾಲಿನಿಂದ ತುಳಿಯುತ್ತಿದ್ದರು.

"ಪುರಸಭೆ ಅಧ್ಯಕ್ಷರು ಈ ಕಡೆ ಬರ್ತಾರಂತೆ. ನಮ್ಮನೆ ಮುಂದೆ ಇಂಥ ಗುಂಡಿ ನೋಡಿದ್ರೆ ಏನಂದ್ಕೊಂಡಾರು? ನಿಮಗೆ ಕೈಲಾಗಲ್ಲ ಅಂತ ನಾನೇ ಮುಚ್ಚಿದೆ."

ಅತ್ತೆಯ ಮುಂದೆ ಸಿಟ್ಟು ತೋರಿಸುವ ಹಾಗಿಲ್ಲ. ರಸಮಟ್ಟ ನುಂಗಿಕೊಂಡ. ಡಾಂಬರಿನವರು ಬಂದು 'ಗುಂಡಿ ಎಲ್ಲಿದೆ' ಅಂದರೆ ನಾಲ್ಕು ವರ್ಷದ ಕಾಯುವಿಕೆ ಮಣ್ಣುಪಾಲು. ಒಂದೇ ಮಳೆಗೆ ಅತ್ತೆಯ ಇಟ್ಟಿಗೆ ಮೇಲೇಳುವುದೂ ಖಂಡಿತ. ಒಳಗಿನಿಂದ ಹಾರೆ ತಂದ. ತೋರಿಸಲಾಗದ ಸಿಟ್ಟೆಲ್ಲ ಹಾರೆಯ ತುದಿಗೆ ಬಂತು. ಅತ್ತೆಯ ಇಟ್ಟಿಗೆ ತೆಗೆದ, ಅದರ ಕೆಳಗಿನ ಜಲ್ಲಿ ತೆಗೆದ, ಜಲ್ಲಿಯ ಕೆಳಗೆ ಮೆತ್ತನೆಯ ಕೆಂಪು ಮಣ್ಣು ಸಿಕ್ಕಿದರೂ ಕೈ ನಿಲ್ಲಲಿಲ್ಲ. ಈ ಸಲ ಕುರುಡನಿಗೂ ಕಾಣಬೇಕು ಎಂದು ಮೊಣಕಾಲುದ್ದ ಅಗೆದ. ಅಗೆದದ್ದು ಒಂದು ಕಡೆ ವಾಲಿದಂತೆ ಕಂಡಿತು. ಸರಿ, ಅಂಚನ್ನೆಲ್ಲ ಕೆತ್ತಿ, ಸುತ್ತ ಸಮ ಮಾಡಿ, ಮೂರನೇ ಸಲ ಸುಣ್ಣದ ವೃತ್ತ ಎಳೆದ.

ಮಧ್ಯಾಹ್ನ ಹೆಂಡತಿ ಬಾಗಿಲಿಗೆ ಬಂದಳು. "ಊಟಕ್ಕೆ ಬನ್ನಿ."

"ಇಲ್ಲಿಗೇ ತಂದುಕೊಡು."

"ಗುಂಡಿ ದಂಡೆ ಮೇಲೆ ಕೂತು ಉಣ್ತೀರಾ? ನಾಳೆ ನಾನು ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಅಳಿಯ ಉಣ್ಣದೆ ನಾನು ಉಣ್ಣಲ್ಲ ಅಂತ ಅಮ್ಮ ಬೇರೆ ತಟ್ಟೆ ಮುಂದೆ ಕೂತಿದಾರೆ."

ಆಚೆ ನೋಡಿದ. ಚಹಾದವನು ಬೆಂಚಿನ ಕಾಲಿಗೆ ಮೊಳೆ ಹೊಡೆಯುತ್ತಿದ್ದ, ಪಂಕ್ಚರ್ ಗೊರಕೆ ಹೊಡೆಯುತ್ತಿದ್ದ. ಒಳಗೆ ಓಡಿ ನಾಲ್ಕು ತುತ್ತು ಅಗಿಯದೆ ನುಂಗಿದ. ಐದನೇ ತುತ್ತು ಬಾಯಲ್ಲಿರುವಾಗ ಬೀದಿಯಿಂದ ಚಪ್ಪಾಳೆ ಕೇಳಿಸಿತು. ಎಂಜಲು ಕೈಯಲ್ಲೇ ಓಡಿ ಬಂದ.

ಅಂಗಡಿ ಮುಂದೆ ಜನವೋ ಜನ. ನಡುವೆ ಪುರಸಭೆಯ ಅಧ್ಯಕ್ಷೆ, ಕೈಯಲ್ಲಿ ಖಾಲಿ ನೀರಿನ ಕೊಡ. ಕರಾರುವಾಕ್ಕಾದ ಬಿಳಿ ವೃತ್ತದ ನಟ್ಟನಡುವೆ ಎದೆಯೆತ್ತರದ ಒಂದು ಗಿಡ ನಿಂತಿತ್ತು.

ಬೆಳಿಗ್ಗೆ ಮೈಕಿನವನು ಹೇಳಿದ್ದನ್ನು ಪೂರ್ತಿ ಕೇಳಿದ್ದರೆ ರಸಮಟ್ಟನಿಗೆ ಇದು ಗೊತ್ತಿರುತ್ತಿತ್ತು. ಅದೇ ದಿನ ಗಿಡ ನೆಡುವ ಕಾರ್ಯಕ್ರಮವೂ ಇತ್ತು. ತೋಟದ ಶಾಖೆಯವರು ಊರಿಡೀ ಗಿಡಕ್ಕೆಂದು ಗುಂಡಿ ತೆಗೆದು, ಅಧ್ಯಕ್ಷೆಗೆ ಗುರುತು ಸಿಗಲೆಂದು ಸುತ್ತ ಬಿಳಿ ವೃತ್ತವನ್ನೇ ಹಾಕಿದ್ದರು. ತೋಟದವರೂ ಡಾಂಬರಿನವರೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರುವವರು. ತೋಟದವರ ಗುಂಡಿಗಳೋ, ಒಂದು ಲೋಟ ನೀರು ಹಿಡಿಸದಷ್ಟು ಆಳ. ಬೆಳಿಗ್ಗೆಯಿಂದ ಅಧ್ಯಕ್ಷೆ ನೆಟ್ಟ ಗಿಡಗಳೆಲ್ಲ ಫೋಟೋ ತೆಗೆಯುವ ಮೊದಲೇ ಮಲಗಿಬಿಟ್ಟಿದ್ದವು. ಈ ಬೀದಿಯಲ್ಲಿ ರಸ್ತೆ ಎಲ್ಲಿಗೆ ಮುಗಿದು ಮಣ್ಣು ಎಲ್ಲಿಂದ ಶುರುವಾಗುತ್ತದೆ ಎಂಬುದು ಅದನ್ನು ಮಾಡಿದವರಿಗೂ ಗೊತ್ತಿರಲಿಲ್ಲ, ಆಕೆಗೆ ಹೇಗೆ ಗೊತ್ತಾಗಬೇಕು.

"ಇಡೀ ಊರಲ್ಲಿ ಗುಂಡಿ ಅಂದ್ರೆ ಇದೊಂದೇ. ಎಂಥ ಆಳ, ಎಂಥ ದುಂಡು. ಇದನ್ನ ತೆಗೆದೋರು ಯಾರು?" ಅಂದರು ಅಧ್ಯಕ್ಷೆ.

ಚಹಾದವನೂ ಪಂಕ್ಚರೂ ಒಟ್ಟಿಗೇ ಬೆರಳು ತೋರಿಸಿದರು. ಬೈಗುಳ ಬೀಳುತ್ತದೆಂದು ಅವರ ಆಸೆ. "ಇವರೇ ಮೇಡಂ. ನಾವು ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಬೆಳಿಗ್ಗೆಯಿಂದ ಅಗೆದಿದ್ದೇ ಅಗೆದಿದ್ದು."

"ಮೇಡಂ, ಇದು ರಸ್ತೆ..." ಎಂದು ರಸಮಟ್ಟ ಬಾಯಿ ತೆರೆದ.

"ರಸ್ತೆಗೆ ನೆರಳು ಬೇಡ್ವೇನ್ರಿ?" ಎಂದರು ಆಕೆ. ಮತ್ತೆ ಚಪ್ಪಾಳೆ. ಆ ಚಪ್ಪಾಳೆಯೊಳಗೇ ಅವನ ಅಂಗಿಗೆ 'ಗಿಡದ ಪಾಲಕ' ಎಂಬ ಬಿಲ್ಲೆ ಚುಚ್ಚಿದರು. ಜೊತೆಗಿದ್ದ ಅಧಿಕಾರಿ ಕಿವಿಯ ಹತ್ತಿರ ಬಂದು, ಗಿಡಕ್ಕೆ ಯಾರಾದರೂ ಕೈಹಚ್ಚಿದರೆ ಪಾಲಕನ ಅಂಗಡಿ ಲೈಸೆನ್ಸ್ ರದ್ದಾಗುತ್ತದೆ ಎಂದು ಮೆಲ್ಲಗೆ ತಿಳಿಸಿದ.

ಮೆರವಣಿಗೆ ಹೋದ ಮೇಲೆ ಹೊಗೆಯಾಡುವ ಡ್ರಮ್ಮು ತಳ್ಳಿಕೊಂಡು ಡಾಂಬರು ಮೇಸ್ತ್ರಿ ಬಂದ. ಗಿಡವನ್ನು ನೋಡಿದ, ವೃತ್ತವನ್ನು ನೋಡಿದ, ತಲೆ ಕೆರೆದುಕೊಂಡ.

"ಇದು ಗಿಡ. ಗಿಡ ತೋಟದ ಶಾಖೇದು. ನಂದು ಗುಂಡಿ."

"ಗಿಡದ ಕೆಳಗಿರೋದು ಗುಂಡೀನೇ ಅಲ್ವಾ ಮಾರಾಯ."

"ಇರಬಹುದು. ಆದ್ರೆ ಮೇಲಿರೋದನ್ನ ನಾನು ಮುಟ್ಟೋ ಹಾಗಿಲ್ಲ."

ಮುಟ್ಟಲಿಲ್ಲ. ಉಳಿದ ಬೀದಿಗೆಲ್ಲ ಡಾಂಬರು ಬಳಿದು ಅಂಗೈಯಂತೆ ನುಣ್ಣಗೆ ಮಾಡಿದ. ಆಮೇಲೆ, ರಸ್ತೆ ನಡುವೆ ಗಿಡವಿದ್ದರೆ ವಾಹನ ಬಿಡುವಂತಿಲ್ಲ ಎಂದು ಬೀದಿಯ ಎರಡೂ ತುದಿಗೆ ಕಬ್ಬಿಣದ ಕಂಬ ಊರಿದ. ಗಿಡ ಮರವಾಗಿ, ಅದಕ್ಕೊಂದು ಕಟ್ಟೆ ಕಟ್ಟಿ, ಪಕ್ಕದಲ್ಲಿ ದಾರಿ ಬಿಡುವವರೆಗೆ ಹೀಗೇ ಅಂದ.

ಇದನ್ನು ಕೇಳಿ ಮೊದಲು ಮುಖ ಕಪ್ಪಿಟ್ಟದ್ದು ಚಹಾದವನದು. ವಾಹನವೇ ಬರದಿದ್ದರೆ ನಿಧಾನ ಮಾಡುವವರು ಯಾರು? ಪಂಕ್ಚರ್ ಬೆಳಿಗ್ಗೆಯ ಪೊರಕೆಯನ್ನು ನೆಲಕ್ಕೆ ಕುಕ್ಕಿದ. ಹುಟ್ಟಾ ವೈರಿಗಳಂತಿದ್ದ ಮೂವರೂ ಒಂದೇ ಬೆಂಚಿನ ಮೇಲೆ ಕೂತರು.

ಅಷ್ಟರಲ್ಲಿ ಕನ್ನಡಿ ಲಾರಿ ಬೀದಿಯ ತುದಿಗೆ ಬಂದು ಕಂಬದ ಮುಂದೆ ನಿಂತಿತು. ಡ್ರೈವರ್ ಇಳಿದು ಬಂದ. "ಇದಕ್ಕಿಂತ ಗುಂಡೀನೇ ವಾಸಿ ಇತ್ತಲ್ರೀ," ಅಂದ.

ಮೇಸ್ತ್ರಿಗೆ ಇವರನ್ನು ನೋಡಿ ಕನಿಕರವಾಯಿತು. ದನಿ ತಗ್ಗಿಸಿ ಹೇಳಿದ. "ನೋಡಿ, ಮನುಷ್ಯರು ಕಿತ್ರೆ ತಪ್ಪು. ಗಾಳಿಗೆ ಬಿದ್ರೆ ಯಾರ ತಪ್ಪೂ ಅಲ್ಲ. ಬಿದ್ದ ಗಿಡ ಗಿಡವಲ್ಲ, ಬರೀ ಕಸ. ಆಗ ಅದು ನನ್ನ ಗುಂಡಿ. ಡ್ರಮ್ಮಲ್ಲಿ ಇನ್ನೂ ಬಿಸಿ ಡಾಂಬರಿದೆ. ಮುಚ್ಚಿ ಕಂಬ ಕಿತ್ಕೊಂಡು ಹೋಗ್ತೀನಿ."

ಎಲ್ಲರೂ ಆಕಾಶ ನೋಡಿದರು. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ವರ್ಷದ ಮೊದಲ ಮಳೆಗಾಳಿ ಆಗಲೇ ಬೀದಿಯ ಧೂಳೆಬ್ಬಿಸುತ್ತಿತ್ತು. "ಕಾಯ್ತೀನಿ," ಅಂದ ಡ್ರೈವರ್. ಚಹಾದವನು ಜೀವನದಲ್ಲಿ ಮೊದಲ ಬಾರಿಗೆ ಎಲ್ಲರಿಗೂ ಬಿಟ್ಟಿ ಚಹಾ ಕೊಟ್ಟ. ರಸಮಟ್ಟ ಬೆಂಚಿನಿಂದ ಎದ್ದು ತನ್ನ ಸ್ಟೂಲಿಗೆ ಬಂದು ಎರಡು ಕೈಯನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. ಏನೂ ಮಾಡದೆ ಕೂರಬೇಕು, ಅಷ್ಟೇ ಕೆಲಸ. ಇಡೀ ದಿನ ಅಷ್ಟೆಲ್ಲ ಮಾಡಿದವನಿಗೆ ಇದೇನು ಮಹಾ ಅನಿಸಿತು.

ಗಾಳಿ ಜೋರಾಯಿತು. ಗಿಡ ಒಮ್ಮೆ ನಡುಗಿತು. ಬುಡದ ಹಸಿ ಮಣ್ಣು ಬಿರುಕು ಬಿಟ್ಟಿತು. ಗಿಡ ನಿಧಾನವಾಗಿ ಅಂಗಡಿಯ ಕಡೆಗೆ ವಾಲಿತು.

"ಬಿತ್ತು," ಅಂದ ಪಂಕ್ಚರ್, ಉಸಿರು ಬಿಗಿಹಿಡಿದು.

"ಇನ್ನೊಂದು ಗಾಳಿ ಸಾಕು," ಅಂದ ಮೇಸ್ತ್ರಿ, ಡ್ರಮ್ಮಿನ ಹಿಡಿಗೆ ಕೈ ಹಾಕಿ.

ರಸಮಟ್ಟ ಗಿಡವನ್ನೇ ನೋಡುತ್ತಿದ್ದ. ಅದು ಸೊಟ್ಟಗಿತ್ತು. ಬಸ್ಸು ಹೋದ ಮೇಲೆ ಅಂಗಡಿಯೊಳಗಿನ ಅಜ್ಜಂದಿರು ವಾಲುತ್ತಿದ್ದರಲ್ಲ, ಸರಿಯಾಗಿ ಅಷ್ಟೇ ಸೊಟ್ಟ. ಅವನು ಮುಖ ತಿರುಗಿಸಿದ. ತಿರುಗಿಸಿದರೂ ಬೆನ್ನಿಗೆ ಕಾಣುತ್ತಿತ್ತು. ಕಣ್ಣು ಮುಚ್ಚಿದ, ಆಗ ಇನ್ನೂ ಸೊಟ್ಟಗೆ ಕಂಡಿತು. ತೊಡೆಯ ಕೆಳಗಿನ ಕೈಗಳು ಮಿಡುಕಾಡಿದವು.

ಆಮೇಲೆ ನಡೆದದ್ದು ಯಾರಿಗೂ ತಡೆಯಲಾಗಲಿಲ್ಲ, ಅವನಿಗೂ ಕೂಡ. ಎದ್ದು ಒಳಗೆ ಹೋದ. ಒಂದು ಕಟ್ಟಿನ ಪಟ್ಟಿ, ಒಂದಿಷ್ಟು ದಾರ, ಸುತ್ತಿಗೆ ತಂದ. ಗಿಡವನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಬುಡ ತುಳಿದು, ಪಟ್ಟಿ ಹೊಡೆದು, ಮೂರು ಕಡೆ ದಾರ ಬಿಗಿದ. ಎರಡು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಕೂದಲೆಳೆಯಷ್ಟು ಎಡಕ್ಕಿತ್ತು, ಅದನ್ನೂ ಸರಿಮಾಡಿದ. ಆಗ ಅವನ ಎದೆ ತಣ್ಣಗಾಯಿತು.

ದೊಡ್ಡ ಗಾಳಿ ಬಂತು. ಬೀದಿಯ ಬೋರ್ಡುಗಳೆಲ್ಲ ಹಾರಿದವು. ಗಿಡ ಅಲುಗಲಿಲ್ಲ.

ಮೇಸ್ತ್ರಿ ಡ್ರಮ್ಮು ತಳ್ಳಿಕೊಂಡು ಹೊರಟುಹೋದ. ಡ್ರೈವರ್ ದೊಡ್ಡ ರಸ್ತೆಯಲ್ಲೇ ಕನ್ನಡಿಗಳನ್ನು ಇಳಿಸಿದ. ಮೊದಲ ಹನಿಗಳು ಬೀಳುವ ಹೊತ್ತಿಗೆ ರಸಮಟ್ಟ ಮೊದಲನೆಯ ಕನ್ನಡಿಯನ್ನು ತಲೆಗೇರಿಸಿಕೊಂಡು, ನುಣ್ಣನೆಯ ಹೊಸ ಡಾಂಬರಿನ ಮೇಲೆ ಒಬ್ಬನೇ ನಡೆದು ಬರುತ್ತಿದ್ದ.

"ಇನ್ನೂ ಎಷ್ಟಿದೆ?" ಎಂದು ಬಾಗಿಲಿನಿಂದ ಹೆಂಡತಿ ಕೂಗಿದಳು.

"ಹನ್ನೊಂದು," ಅಂದ ಅವನು. "ಅತ್ತೆಗೆ ಹೇಳು, ಆ ದಾರ ಯಾರೂ ಬಿಚ್ಚದ ಹಾಗೆ ಅಲ್ಲಿ ಸ್ಟೂಲಿನ ಮೇಲೆ ಸ್ವಲ್ಪ ಕೂತಿರಲಿ."