ಭಾವ ಬರೆದ ಹಸು

ಪಂಕ್ಚರಣ್ಣನ ಸಂಸಾರದಲ್ಲಿದ್ದ ತಕರಾರು ಒಂದೇ. ಅದು ಗೋಡೆಯ ಮೇಲೆ ನಿಂತಿತ್ತು.

ಹೆಂಡತಿಯ ಅಣ್ಣ ಮದುವೆಯ ಉಡುಗೊರೆಯಾಗಿ ಕೈಯಾರೆ ಬರೆದುಕೊಟ್ಟ ಹಸುವಿನ ಚಿತ್ರ. ಮೈ ಹಸುವಿನದೋ ಏನೋ, ಕಣ್ಣು ಮಾತ್ರ ಥೇಟ್ ಭಾವನದೇ. ತುತ್ತು ಎತ್ತಿದರೆ ನೋಡುತ್ತಿತ್ತು. ಎರಡನೇ ಸಲ ಬಡಿಸಿಕೊಂಡರೆ ಇನ್ನಷ್ಟು ನೋಡುತ್ತಿತ್ತು. ಅದಕ್ಕೇ ಅವನು ಹಸುವಿಗೆ ಬೆನ್ನು ಹಾಕಿ, ಎದುರಿನ ಬೋಳು ಗೋಡೆ ನೋಡುತ್ತ ಉಣ್ಣುತ್ತಿದ್ದ. ಆದರೂ ಬೆನ್ನು ತುರಿಸುತ್ತಿತ್ತು.

ಅಂದು ಬೆಳಿಗ್ಗೆ ಅವನ ಸೈಕಲ್ ಅಂಗಡಿಯ ಪಕ್ಕದ ಪುಟ್ಟ ಗ್ಯಾಲರಿಯ ಬಾಗಿಲಿಗೆ ಹೊಸ ಬೋರ್ಡು ಬಿತ್ತು: 'ಮುಂದಿನ ಪ್ರದರ್ಶನ: ನಮ್ಮ ಬೀದಿಯ ಮನೆಗಳ ಚಿತ್ರಗಳು. ನಿಮ್ಮ ಗೋಡೆಯ ಮೇಲಿರುವುದನ್ನು ತಂದು ತೋರಿಸಿ.' ಓದಿದ ಪಂಕ್ಚರಣ್ಣ ಗಾಳಿ ತುಂಬಿದ ಟೈರಿನಂತೆ ಉಬ್ಬಿದ. ಚಿತ್ರ ಒಂದು ಸಲ ಹೊಸ್ತಿಲು ದಾಟಲಿ, ವಾಪಸು ತರಲು ಮರೆತರಾಯಿತು.

"ನಿಮ್ಮಣ್ಣನ ಕೈಚಳಕ ನಾವಿಬ್ಬರೇ ನೋಡಿದ್ರೆ ಸಾಕಾ?" ಎಂದು ಹೆಂಡತಿಯನ್ನು ಕೇಳಿದ.

"ಈಗಲಾದ್ರೂ ಬುದ್ಧಿ ಬಂತಲ್ಲ ರೀ" ಎಂದು ಅವಳೇ ಮೊಳೆಯಿಂದ ಇಳಿಸಿಕೊಟ್ಟಳು.

ಚಿತ್ರವನ್ನು ಸೈಕಲ್ಲಿಗೆ ಬಿಗಿದು ತಳ್ಳುತ್ತ ಹೊರಟ. ನಿಜವಾದ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋಗಿದ್ದರೂ ಜನ ಇಷ್ಟು ತಡೆಯುತ್ತಿರಲಿಲ್ಲ. ಹಾಲಿನವಳು ಬಗ್ಗಿ ಕೆಚ್ಚಲು ನೋಡಿದಳು. "ಇದು ಬತ್ತಿದ ಹಸು ಕಣಣ್ಣ. ಯಾರು ಕಟ್ಟಿದ್ರು ನಿನ್ನ ಕೊರಳಿಗೆ?"

"ಹಸು ಎಲ್ಲಿ ಬಂತು? ಇದು ಕುದುರೆ. ಕೊಂಬು ಆಮೇಲೆ ಹಚ್ಚಿದ್ದು" ಎಂದ ಕ್ಷೌರದಂಗಡಿಯವನು.

"ಕುದುರೆಗೆ ಐದು ಕಾಲಿರ್ತದಾ?"

"ಐದನೇದು ಬಾಲ ಕಣಮ್ಮ, ಕಣ್ಣು ಬಿಟ್ಟು ನೋಡು."

ಬಾಲ ಹೌದೋ ಅಲ್ಲವೋ ತೋರಿಸಲು ಇವಳು ಇತ್ತ ಎಳೆದಳು, ಅವನು ಅತ್ತ ಎಳೆದ. ಹಗ್ಗ ಬಿಚ್ಚಿ, ಸೈಕಲ್ಲು ಉರುಳಿ, ಪಂಕ್ಚರಣ್ಣ ಅಂಗಾತ ಬಿದ್ದ. ಚಿತ್ರ ಅವನ ಮೇಲೆ ಬಿತ್ತು. ಮೂಗಿಗೆ ಮೂಗು ತಾಗಿಸಿ ಹಸು ನೋಡುತ್ತಿತ್ತು.

"ಹಾಯೋ ಹಸು ಅಂತ ಮೊದಲೇ ಹೇಳಬಾರ್ದಾ" ಎಂದಳು ಹಾಲಿನವಳು.

ಗ್ಯಾಲರಿಯ ಒಡತಿ ಕನ್ನಡಕ ಏರಿಸಿ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. "ಮನೇಲಿ ಎಲ್ಲಿತ್ತು ಇದು?"

ಬೇಡವೆಂದುಬಿಟ್ಟಾಳೆಂದು ಪಂಕ್ಚರಣ್ಣ ಹೊಗಳಲು ಹೊರಟ. ಅಲ್ಲೇ ಎಡವಿದ. "ಊಟದ ಕೋಣೇಲಿ ಮೇಡಂ. ಸಾಮಾನ್ಯ ಚಿತ್ರ ಅಲ್ಲ ಇದು. ಬೆನ್ನು ಹಾಕಿ ಕೂತ್ರೂ ನೋಡ್ತದೆ. ಎರಡನೇ ಸಲ ಬಡಿಸ್ಕೊಳ್ಳೋಕೆ ಧೈರ್ಯ ಬರಲ್ಲ."

ಆಕೆಯ ಕಣ್ಣು ಹೊಳೆಯಿತು. "ಇಂಥದ್ದನ್ನೇ ಹುಡುಕ್ತಿದ್ದೆ. ಆದ್ರೆ ಇಲ್ಲಿ ತೂಗುಹಾಕಿದ್ರೆ ಬರೀ ಹಸು ಆಗ್ತದೆ. ಆ ಗೋಡೆ, ಆ ತಟ್ಟೆ, ಬೆನ್ನು ಹಾಕಿ ಕೂತ ನೀವು, ಎಲ್ಲ ಸೇರಿದ್ರೇ ಕಲೆ. ವಾಪಸು ತಗೊಂಡು ಹೋಗಿ. ಪ್ರದರ್ಶನ ನಿಮ್ಮ ಮನೇಲೇ. ಜನ ಊಟದ ಹೊತ್ತಿಗೆ ಬರ್ತಾರೆ, ನೀವು ಉಣ್ತಾ ಇದ್ರೆ ಸಾಕು."

ಸಂಜೆಗೆ ಹಸು ತನ್ನ ಮೊಳೆಗೆ ಮರಳಿತ್ತು. ಹೆಂಡತಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳ ಸಂಭ್ರಮ ನೋಡಿ ಪಂಕ್ಚರಣ್ಣನಿಗೂ ಒಳಗೊಳಗೇ ಹಿಗ್ಗು. ತಾನು ಕೂತು ಉಣ್ಣುವುದನ್ನು ನಾಲ್ಕು ಜನ ಬಂದು ನೋಡುವುದೆಂದರೆ ಸಣ್ಣ ಮಾತೇ? ಹೇಗಿದ್ದರೂ ಎದುರಿಗೆ ಬೋಳು ಗೋಡೆ ಇದೆಯಲ್ಲ ಎಂದು ತಟ್ಟೆ ಎಳೆದುಕೊಂಡ.

"ಅಣ್ಣನಿಗೆ ಫೋನ್ ಮಾಡಿದ್ದೆ ರೀ" ಎಂದಳು ಅವಳು ಬಡಿಸುತ್ತ. "ಖುಷಿಗೆ ಅತ್ತೇಬಿಟ್ಟ. ಒಂಟಿ ಹಸು ಚೆಂದ ಕಾಣಲ್ಲ, ಜೊತೆಗೊಂದು ಹೋರಿ ಬರ್ಕೊಡ್ತೀನಿ ಅಂದ."

ತುತ್ತು ಬಾಯಿಯ ಹತ್ತಿರ ನಿಂತಿತು. "ಎಲ್ಲಿ ಹಾಕೋದಂತೆ?"

ಅವಳು ಸೌಟಿನಿಂದ ಎದುರಿನ ಗೋಡೆ ತೋರಿಸಿದಳು.