ಸಿದ್ದಬಸಪ್ಪನ ಕಿಡ್ನಿ ಹೊತ್ತು

ಮೊಬೈಲಿನ ಗಾಜು ಒಡೆಯದೇ ಇದ್ದಿದ್ದರೆ ಸಿದ್ದಬಸಪ್ಪನಿಗೆ ತನಗೆ ಎರಡು ಕಿಡ್ನಿಗಳಿವೆ ಎಂಬುದೇ ನೆನಪಾಗುತ್ತಿರಲಿಲ್ಲ. ಐವತ್ತು ದಾಟಿದ ಅವನು ಹಾನುಬಾಳಿನಿಂದ ಸುತ್ತಲಿನ ಎಸ್ಟೇಟುಗಳಿಗೆ ಜೀಪಿನಲ್ಲಿ ಜನ ಸಾಗಿಸುವ ಡ್ರೈವರ್. ಒಂಟಿ ಸಲಗ ಎದುರಾದಾಗ ಮೂರು ಸಲ ಜೀಪನ್ನು ರಿವರ್ಸಿನಲ್ಲೇ ಅರ್ಧ ಮೈಲಿ ಓಡಿಸಿದ ಗಟ್ಟಿಗ. ಆದರೆ ಆಸ್ಪತ್ರೆಯ ಬೋರ್ಡು ಕಂಡರೆ ಮುಖ ಆ ಕಡೆಗೆ ತಿರುಗಿಸುತ್ತಿರಲಿಲ್ಲ.

ಅಂದು ಬೆಳಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ, ಫೋನಿಗೆ ಹೊಸ ಗಾಜು ಹಾಕಿಸಲು ಯೋಗೇಶನ ಅಂಗಡಿಗೆ ಹೋದ. ಯೋಗೇಶ್ ಕಳೆದ ತಿಂಗಳಷ್ಟೇ ಚೀನಾದ ಜ್ಯೋತಿಷ್ಯ ಮತ್ತು ವೈದ್ಯದ ಹತ್ತು ದಿನದ ಆನ್‌ಲೈನ್ ಕೋರ್ಸು ಮುಗಿಸಿ, ಸರ್ಟಿಫಿಕೇಟನ್ನು ಚಾರ್ಜರುಗಳ ನಡುವೆ ತೂಗುಹಾಕಿದ್ದ. ಗಿರಾಕಿಯ ಫೋನು ಕೈಗೆ ಬಂದರೆ ಸಾಕು, ಹುಟ್ಟಿದ ಇಸವಿ ಕೇಳುತ್ತಿದ್ದ.

"ಲೈಸೆನ್ಸಲ್ಲಿ ಎಪ್ಪತ್ತೆರಡು ಅಂತ ಐತೆ. ಯಾಕಪ್ಪಾ?" ಎಂದ ಸಿದ್ದಬಸಪ್ಪ.

ಗಾಜು ಒರೆಸುತ್ತಿದ್ದ ಯೋಗೇಶನ ಕೈ ನಿಂತಿತು. "ಸಿದ್ದಣ್ಣ, ಸ್ವಲ್ಪ ಕೂತ್ಕಳಿ. ಚೀನಾದೋರ ಪ್ರಕಾರ ಧಾತು ಐದು. ಮರ, ಬೆಂಕಿ, ಮಣ್ಣು, ಲೋಹ, ನೀರು. ಒಂದೊಂದು ವರ್ಷಕ್ಕೂ ಒಂದು ಧಾತು, ಒಂದು ಪ್ರಾಣಿ. ನೀವು ನೀರಿನ ಇಲಿ."

"ಇಲೀನಾ?"

"ನೀರು ಅಂದ್ರೆ ಮೈಯಲ್ಲಿ ಕಿಡ್ನಿ. ಈ ವರ್ಷ ನೋಡಿದ್ರೆ ಬೆಂಕಿ ಕುದುರೆ. ಇಲಿಗೂ ಕುದುರೆಗೂ ನೇರ ವೈರ. ಎಲ್ಲಿ, ನಾಲಗೆ ತೋರ್ಸಿ."

ಸಿದ್ದಬಸಪ್ಪ ನಾಲಗೆ ಚಾಚಿದ. ಯೋಗೇಶ್ ಮೊಬೈಲಿನ ಟಾರ್ಚು ಬಿಟ್ಟು ನೋಡಿ "ಹ್ಞೂಂ" ಎಂದ. ಅಷ್ಟೇ. ಆ "ಹ್ಞೂಂ" ಸಿದ್ದಬಸಪ್ಪನ ಬೆನ್ನಿನ ಕೆಳಭಾಗಕ್ಕೆ ಹೋಗಿ ಅಲ್ಲೇ ಕೂತಿತು.

"ಸಂಜೆ ಐದರಿಂದ ಏಳು ಕಿಡ್ನಿ ಹೊತ್ತು. ಏನಾದ್ರೂ ಆಗೋದಿದ್ರೆ ಆಗ್ಲೇ ಗೊತ್ತಾಗೋದು. ಕಿವಿ ಉಜ್ಜಿ, ಕಿವಿಗೂ ಕಿಡ್ನಿಗೂ ನಂಟು. ಒಂದು ಮಾತ್ರ ಸಿದ್ದಣ್ಣ, ಹೆದರ್ಬೇಡಿ. ಒಂದೊಂದು ಅಂಗಕ್ಕೂ ಒಂದೊಂದು ವಿಷ ಐತೆ. ಕಿಡ್ನಿಗೆ ಭಯಾನೇ ವಿಷ."

ಹೆದರಬೇಡಿ ಎಂದ ಕ್ಷಣದಿಂದ ಸಿದ್ದಬಸಪ್ಪ ಹೆದರತೊಡಗಿದ. ಹೆದರಿಬಿಟ್ಟೆನಲ್ಲಾ ಎಂದು ಮತ್ತಷ್ಟು ಹೆದರಿದ. ಇಷ್ಟು ಹೊತ್ತಿಗೆ ಎಷ್ಟು ಕಿಡ್ನಿ ಖರ್ಚಾಗಿರಬಹುದು ಎಂದು ಯೋಚಿಸುತ್ತಾ ರಾಮಯ್ಯನ ಹೋಟೆಲಿಗೆ ಬಂದು ಬೆಂಚಿನ ಮೇಲೆ ಕುಸಿದ.

ವಿಷಯ ಕೇಳಿದ ರಾಮಯ್ಯ ಟೀ ಸೋಸುವುದನ್ನು ಬಿಟ್ಟು ತಾನೂ ನಾಲಗೆ ನೋಡಿದ. "ಅಯ್ಯೋ ಮಾರಾಯ! ನಮ್ಮ ಷಡ್ಡಕಂದೂ ಥೇಟು ಹಿಂಗೇ ಇತ್ತು. ಬೆಳಿಗ್ಗೆ ಅಕ್ಕಿರೊಟ್ಟಿ ತಿಂದು ನಗ್ತಾ ನಗ್ತಾ ಹೋದ. ಸಂಜೆ ಅನ್ನೋ ಹೊತ್ಗೆ..." ಅಷ್ಟರಲ್ಲಿ ಯಾರೋ ವಡೆ ಕೇಳಿದರು. ರಾಮಯ್ಯ ಒಳಗೆ ಹೋದ.

"ಸಂಜೆ ಹೊತ್ಗೆ ಏನಾಯ್ತು ರಾಮಯ್ಯಾ?" ಸಿದ್ದಬಸಪ್ಪ ಕೂಗಿದ. ಎಣ್ಣೆಯ ಚೊರಚೊರ ಸದ್ದಿನಲ್ಲಿ ಅವನ ದನಿ ಕರಿದುಹೋಯಿತು.

ಜೀಪು ತುಂಬಿತ್ತು. ಮುಂದಿನ ಸೀಟಿನಲ್ಲಿ ಅಂಗನವಾಡಿ ಟೀಚರ್ ಮೀನಾಕ್ಷಮ್ಮ, ಹಿಂದೆ ಎಂಟು ಜನ. ಡ್ರೈವರು ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಕಿವಿ ಹಿಡಿದಿದ್ದನ್ನು ಕಂಡು ಮೀನಾಕ್ಷಮ್ಮ ಕಾರಣ ಕೇಳಿದರು. ಕೇಳಿ, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಪರಿಹಾರ ಕೊಟ್ಟರು. "ನಿಮ್ಮ ಧಾತು ನೀರು ತಾನೇ ಸಿದ್ದಬಸಪ್ಪೋರೆ? ಕಮ್ಮಿಯಾದ್ರೆ ತುಂಬ್ಸಬೇಕು. ಕುಡೀರಿ."

ಅವನು ಕುಡಿದ. ತನ್ನ ಬಾಟಲಿ, ಮೀನಾಕ್ಷಮ್ಮನ ಬಾಟಲಿ, ಹಿಂದಿನಿಂದ ಕೈಯಿಂದ ಕೈಗೆ ದಾಟಿ ಬಂದ ಎರಡು ಬಾಟಲಿ. ಆಮೇಲೆ ಪ್ರತಿ ತಿರುವಿನಲ್ಲೂ ಜೀಪು ನಿಲ್ಲತೊಡಗಿತು. ಇಳಿದು ಕಾಫಿ ಗಿಡಗಳ ಮರೆಗೆ ಓಡುವುದು, ಬಿಳಿಚಿದ ಮುಖದಲ್ಲಿ ವಾಪಸು ಬರುವುದು.

"ಐದನೇ ಸಲ ಕಣ್ರೀ," ಎಂದು ಹಿಂದಿನಿಂದ ಒಬ್ಬ ಹೇಳಿದ. ಸಿದ್ದಬಸಪ್ಪ ಬೆರಳು ಮಡಚಿ ಎಣಿಸಿದ. ಆರೋಗ್ಯವಂತ ಯಾರಾದರೂ ಮುಕ್ಕಾಲು ಗಂಟೆಯಲ್ಲಿ ಐದು ಸಲ ಹೋಗುತ್ತಾನೆಯೇ? ನಾಲ್ಕು ಬಾಟಲಿ ನೀರು ಅವನ ನೆನಪಿಗೇ ಬರಲಿಲ್ಲ.

ಆರನೆಯ ಸಲ ನಿಲ್ಲಿಸಿದ್ದು ಕಡಿದಾದ ಏರಿನಲ್ಲಿ. ಅವಸರದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದೇ ಮರೆತಿತ್ತು. ಗಿಡದ ಮರೆಯಲ್ಲಿ ಅವನು ನಿಂತಿದ್ದಾಗ ಜೀಪು ಮೆಲ್ಲಗೆ, ಆಮೇಲೆ ಅಷ್ಟೇನೂ ಮೆಲ್ಲಗಲ್ಲದೆ ಹಿಂದಕ್ಕೆ ಹೊರಟಿತು. ಒಂಬತ್ತು ಗಂಟಲುಗಳು ಒಟ್ಟಿಗೆ ಕಿರುಚಿದವು. ಪ್ಯಾಂಟು ಹಿಡಿದುಕೊಂಡು ಓಡಿಬಂದ ಸಿದ್ದಬಸಪ್ಪನಿಗೆ ಕಂಡದ್ದು ಮೀನಾಕ್ಷಮ್ಮನ ಅಗಲ ತೆರೆದ ಬಾಯಿ ಮತ್ತು ಅವರ ಹಿಂದೆ ರಸ್ತೆಯ ಅಂಚು. ಅಂಚಿನಾಚೆ ಬರೀ ಮಂಜು.

ಧಡ್!

ಅಂಚಿನಲ್ಲಿದ್ದ ಒಂದು ಸಿಲ್ವರ್ ಓಕ್ ಮರ ಜೀಪನ್ನು ತಡೆದು ನಿಲ್ಲಿಸಿತು. ಹಿಂದಿನ ದೀಪಗಳು ಪುಡಿಯಾದವು. ಜನಕ್ಕೆ ಏನೂ ಆಗಲಿಲ್ಲ. ಎಲ್ಲರೂ ಇಳಿದರು, ಮೀನಾಕ್ಷಮ್ಮನ ಹೊರತು ಯಾರೂ ಮತ್ತೆ ಹತ್ತಲಿಲ್ಲ.

"ಕಿಡ್ನಿ ನಿಂದು, ಪ್ರಾಣ ನಮ್ದಾ?" ಎಂದು ಒಬ್ಬ ಮುದುಕಿ ಬೈದು, ಬುಟ್ಟಿ ತಲೆಗಿಟ್ಟು ನಡೆದುಬಿಟ್ಟಳು. ಸಿದ್ದಬಸಪ್ಪ ಜೀಪು ಹತ್ತಿ ಎಷ್ಟೋ ಹೊತ್ತು ಹ್ಯಾಂಡ್‌ಬ್ರೇಕನ್ನೇ ಎಳೆದು ಹಿಡಿದು ಕೂತ. ಇದು ಚೀನಾದ ಭಯವೋ ನಮ್ಮೂರ ಭಯವೋ ಅವನಿಗೆ ತಿಳಿಯಲಿಲ್ಲ. ಮೀನಾಕ್ಷಮ್ಮ ಒಬ್ಬರೇ ಉಳಿದು, "ನಿಧಾನಕ್ಕೆ ಹೋಗಿ, ನಾನು ಹ್ಯಾಂಡ್‌ಬ್ರೇಕ್ ಹಿಡ್ಕಂಡಿರ್ತೀನಿ" ಎಂದು ಅವನನ್ನು ಮನೆ ಮುಟ್ಟಿಸಿದರು.

ಮನೆಯ ಬಾಗಿಲಲ್ಲಿ ಫೋನು ಬಂತು. ಯೋಗೇಶ್. "ಸಿದ್ದಣ್ಣ, ಅತ್ತಿಗೆ ಹುಟ್ಟಿದ್ದು ಎಪ್ಪತ್ತೆಂಟಾ? ಹಂಗಾದ್ರೆ ಅವರು ಮಣ್ಣು. ಮಣ್ಣು ನೀರನ್ನ ಕಟ್ಟಿ ಹಾಕ್ತದೆ. ಐದು ಗಂಟೆಗೆ ಹತ್ರ ಸೇರಿಸ್ಬೇಡಿ."

ಕಾಫಿ ಹಿಡಿದು ಬಂದ ಹೆಂಡತಿ ಭದ್ರಮ್ಮನನ್ನು ಕಂಡು ಸಿದ್ದಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಅಲ್ಲೇ ನಿಲ್ಲು ಕಣೇ. ನೀನು ಮಣ್ಣು."

"ಏನಂದ್ರಿ?"

"ನೀನು ಮಣ್ಣು. ನನ್ನ ಕಟ್ಟಿ ಹಾಕ್ತೀಯ."

"ಇಪ್ಪತ್ತೇಳು ವರ್ಷದಿಂದ ಕಟ್ಟಿ ಹಾಕಿದ್ರಿಂದಲೇ ನೀವು ಇನ್ನೂ ಎದ್ದು ನಿಂತಿದ್ದೀರಿ!" ಭದ್ರಮ್ಮ ಕಾಫಿಯನ್ನು ಅಂಗಳಕ್ಕೆ ಚೆಲ್ಲಿ ಒಳಗೆ ನಡೆದಳು.

ಐದಕ್ಕೆ ಹತ್ತು ನಿಮಿಷವಿರುವಾಗ ಅಂಗಳದ ತುಂಬ ಜನ. ರಾಮಯ್ಯ ಹೋಟೆಲಿಗೆ ಬಾಗಿಲು ಹಾಕಿ ಬಂದಿದ್ದ. "ಆ ಹೊತ್ನಲ್ಲಿ ಜೊತೇಲಿ ಯಾರಾದ್ರೂ ಇರ್ಬೇಕು" ಎಂದ. ಸಿದ್ದಬಸಪ್ಪ ಕಂಬಳಿ ಹೊದ್ದು ಜಗಲಿಯಲ್ಲಿ ಕೂತು ಫೋನಿನ ಗಡಿಯಾರ ನೋಡುತ್ತಿದ್ದ. ಕಿವಿಗಳು ಉಜ್ಜಿ ಉಜ್ಜಿ ಟೊಮೆಟೊ ಆಗಿದ್ದವು. ಹೆಂಡತಿಯನ್ನು ಕರೆಯಬೇಕೆನಿಸಿತು, ಕರೆಯಲು ಭಯ.

ಗದ್ದಲಕ್ಕೆ ಒಳಗಿನಿಂದ ಅವನ ತಾಯಿ ಕೆಂಚಮ್ಮ ಗೋಡೆ ಹಿಡಿದುಕೊಂಡು ಹೊರಬಂದರು. ಎಲ್ಲ ಕೇಳಿಸಿಕೊಂಡು, "ಎಪ್ಪತ್ತೆರಡಾ? ಯಾವನ್ಲಾ ಅದನ್ನ ಹೇಳಿದ್ದು?" ಎಂದರು.

"ಲೈಸೆನ್ಸಲ್ಲಿ ಐತವ್ವಾ."

"ಅದು ಮೇಷ್ಟ್ರು ಬರ್ಕಂಡಿದ್ದು. ಸ್ಕೂಲಿಗೆ ಸೇರಿಸ್ಬೇಕಲ್ಲ ಅಂತ ಎರಡು ವರ್ಷ ಹೆಚ್ಚು ಹಾಕಿದ್ರು. ನೀನು ಹುಟ್ಟಿದ್ದು ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ರಲ್ಲ, ಅದಾದ್ಮೇಲಿನ ಮೊದಲ್ನೇ ಸಂಕ್ರಾಂತಿ. ನಿಮ್ಮಪ್ಪ ನಿಂಗೂ ಕರ್ನಾಟಕ ಅಂತಲೇ ಹೆಸರಿಡಾನ ಅಂದಿದ್ರು, ನಾನೇ ಬ್ಯಾಡ ಅಂದೆ."

ಮೀನಾಕ್ಷಮ್ಮ ಬೆರಳು ಮಡಚಿದರು. "ಹೆಸರಿಟ್ಟಿದ್ದು ಎಪ್ಪತ್ಮೂರು ನವೆಂಬರ್. ಅಂದ್ರೆ ಸಂಕ್ರಾಂತಿ ಎಪ್ಪತ್ನಾಲ್ಕು!"

ಸಿದ್ದಬಸಪ್ಪ ಯೋಗೇಶನಿಗೆ ಫೋನು ಹಚ್ಚಿದ. ಆ ಕಡೆಯಿಂದ ಕೇಕೆ ಕೇಳಿಸಿತು. "ಎಪ್ಪತ್ನಾಲ್ಕಾ? ಸಿದ್ದಣ್ಣ, ನೀವು ಇಲಿಯಲ್ಲ, ಹುಲಿ! ಮರದ ಹುಲಿ! ಹುಲಿಗೂ ಕುದುರೆಗೂ ಭಾರಿ ದೋಸ್ತಿ. ಕಿಡ್ನಿ ವಿಷಯ ಮರ್ತುಬುಡಿ!"

ಕಂಬಳಿ ಹಾರಿ ರಾಮಯ್ಯನ ತಲೆಯ ಮೇಲೆ ಬಿತ್ತು. ಸಿದ್ದಬಸಪ್ಪ ಎದ್ದು ಎದೆ ಉಬ್ಬಿಸಿ ಅಂಗಳದಲ್ಲಿ ಎರಡು ಸುತ್ತು ಹಾಕಿದ. ಬೆನ್ನುನೋವಿಲ್ಲ, ಹೆದರಿಕೆಯಿಲ್ಲ. ಒಳಮುಖ ತಿರುಗಿ, ಮದುವೆಯಾದ ಮೇಲೆ ಒಂದು ದಿನವೂ ಬಳಸದ ದನಿಯಲ್ಲಿ "ಭದ್ರೀ, ಕಾಫಿ ತಗಂಬಾ!" ಎಂದು ಗುಡುಗಿದ. ಭದ್ರಮ್ಮ ಅದೆಷ್ಟು ಬೆರಗಾದಳೆಂದರೆ ನಿಜವಾಗಿಯೂ ತಂದಳು.

ಗಂಟೆ ಐದೂಕಾಲು. ಲೋಟ ಇನ್ನೂ ತುಟಿಗೆ ಮುಟ್ಟಿರಲಿಲ್ಲ, ಫೋನು ಮತ್ತೆ ಬಡಿದುಕೊಂಡಿತು. ಯೋಗೇಶನ ದನಿ ತಗ್ಗಿತ್ತು.

"ಸಿದ್ದಣ್ಣ, ಒಂದು ಸಣ್ಣ ವಿಷಯ. ಈಗ ಪುಸ್ತಕ ನೋಡ್ದೆ. ಚೀನಾದೋರಿಗೆ ಜನವರಿ ಒಂದಕ್ಕೆ ವರ್ಷ ಶುರುವಾಗಲ್ಲ. ಆ ಸಲ ಅವರ ಹೊಸ ವರ್ಷ ಬಂದಿದ್ದು ಜನವರಿ ಇಪ್ಪತ್ಮೂರಕ್ಕೆ. ಸಂಕ್ರಾಂತಿ ಹದಿನಾಲ್ಕು. ಒಂಬತ್ತು ದಿನ ಕಮ್ಮಿ ಬಿತ್ತು. ನೀವು ಎಪ್ಪತ್ಮೂರಕ್ಕೇ ಹೋಗ್ಬುಟ್ರಿ. ಎತ್ತು."

"ಎತ್ತು... ಎಂಥ ಎತ್ತು?"

"ನೀರಿನ ಎತ್ತು."

"ಮತ್ತೆ ಕುದುರೆ?"

"ಇಲಿದಾದ್ರೆ ಎದುರುಬದುರು ಜಗಳ ಅಣ್ಣ, ಗೊತ್ತಾಗ್ತದೆ. ಎತ್ತಿಗೆ ಕುದುರೆ ಒಳಗೊಳಗೇ ಕೇಡು ಮಾಡ್ತದೆ. ಹೆದರ್ಬೇಡಿ."

ಸಿದ್ದಬಸಪ್ಪ ಲೋಟ ಕೆಳಗಿಟ್ಟ. ಕೈ ಮತ್ತೆ ಕಿವಿಗೆ ಹೋಯಿತು. ಸುತ್ತ ನಿಂತವರ ಮುಖಗಳನ್ನೆಲ್ಲ ದಾಟಿ ಅವನ ಕಣ್ಣು ಬಾಗಿಲ ಬಳಿ ಕೂತಿದ್ದ ತಾಯಿಯ ಮೇಲೆ ನಿಂತಿತು.

"ಅವ್ವಾ," ಎಂದ ಅಳುವ ದನಿಯಲ್ಲಿ, "ಇನ್ನೊಂದು ಒಂಬತ್ತು ದಿನ ತಡಕಳಕ್ಕೆ ಆಗ್ಲಿಲ್ವಾ ನಿಂಗೆ?"

ಕೆಂಚಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾನೇನೋ ತಡಕತಿದ್ದೆ ಕಣಪ್ಪ. ಬೀದೀಲಿ ದನ ಕಿಚ್ಚು ಹಾಯ್ಸಿದ್ರಲ್ಲ, ಆ ಗಲಾಟೆಗೆ ಹೆದರ್ಕಂಡು ನೀನೇ ಹೊರಕ್ಕೆ ಬಂದ್ಬುಟ್ಟೆ."